ಎರಡು ನಗರಗಳ ನಡುವಣ ದಾರಿ

1893ರ ಮೇ 31ರಂದು ಸ್ವಾಮಿ ವಿವೇಕಾನಂದರು ಮುಂಬಯಿಯ ಬಂದರಿನಲ್ಲಿ ಹಡಗನ್ನೇರಿ ಅಮೆರಿಕದ ಕಡೆಗೆ ಪ್ರಯಾಣ ಬೆಳೆಸಿದರು. ಅದರ ಹಿಂದಿನ ವರ್ಷವಷ್ಟೇ ಅವರು ಮೈಸೂರಿನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ ಅತಿಥಿಗಳಾಗಿದ್ದರು. ಹಡಗು ಕೊಲಂಬೊ, ಪಿನಾಂಗ್, ಸಿಂಗಪುರ, ಹಾಂಗ್‌ಕಾಂಗ್‌ಗಳಲ್ಲಿ ತಂಗುತ್ತ ಜಪಾನನ್ನು ತಲುಪಿತು. ಯೊಕೊಹಾಮದಲ್ಲಿ ಅವರು ಮತ್ತೊಂದು ಹಡಗನ್ನು ಹತ್ತಿ, ಪೆಸಿಫಿಕ್ ಮಹಾಸಾಗರವನ್ನು ದಾಟಿ, ಜುಲೈ 25ರಂದು ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ಇಳಿದರು. ಅಲ್ಲಿಂದ ರೈಲಿನಲ್ಲಿ ಷಿಕಾಗೊ ನಗರವನ್ನು ಸೇರುವ ವೇಳೆಗೆ ಆ ತಿಂಗಳು ಮುಗಿಯುತ್ತ ಬಂದಿತ್ತು. ಭಾರತದ ಪಶ್ಚಿಮ ಕರಾವಳಿಯಿಂದ ಅಮೆರಿಕದ ನಡುನಾಡನ್ನು ಮುಟ್ಟಲು ಎರಡು ತಿಂಗಳು ಬೇಕಾಯಿತು.

2021ರ ಜನವರಿ 9ರ ರಾತ್ರಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಿಂದ ಏರ್ ಇಂಡಿಯಾ ಸಂಸ್ಥೆಯ ವಿಮಾನವೊಂದು ಹೊರಟಿತು. ನಡುವೆ ಎಲ್ಲಿಯೂ ಇಳಿಯದೆ, ಉತ್ತರಧ್ರುವದ ಮೇಲೆ ಹಾದು, ಸುಮಾರು 17 ಗಂಟೆಗಳ ಬಳಿಕ ಅದು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಅದನ್ನು ನಡೆಸಿದವರೆಲ್ಲರೂ ಮಹಿಳೆಯರೇ. ಜೋಯಾ ಅಗರ್‌ವಾಲ್ ಅವರು ಮುಖ್ಯ ಚಾಲಕಿಯಾಗಿದ್ದರು. ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್ ಅವರು ಜೊತೆಗಿದ್ದರು. ಅವರು ಕ್ರಮಿಸಿದ ದಾರಿ ಸುಮಾರು 16,000 ಕಿಲೋಮೀಟರು ಎಂದು ಪತ್ರಿಕೆಗಳು ವರದಿ ಮಾಡಿದವು. ಆದರೆ ಈ ಎರಡು ನಗರಗಳ ನಡುವಣ ಅತಿ ಕಡಿಮೆ ಅಂತರವನ್ನು ಲೆಕ್ಕ ಹಾಕಿದರೆ ಬರುವ ಉತ್ತರ ಸುಮಾರು 14,000 ಕಿಲೋಮೀಟರು ಮಾತ್ರ. ಹಾಗಾದರೆ ಉಳಿದ 2,000 ಕಿಲೋಮೀಟರು ಎಲ್ಲಿಂದ ಬಂದಿತು? ಒಂದೊಂದು ಹನಿ ಇಂಧನಕ್ಕೂ ಲೆಕ್ಕವಿಡುವ ವಿಮಾನವು ಬೆಂಗಳೂರಿನಿಂದ ದೆಹಲಿಗಿರುವಷ್ಟು ದೂರವನ್ನು ಮೀರಿ ಸುತ್ತಿ ಬಂದುದೇಕೆ?

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುತ್ತದೆ ಎಂಬುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಸೂತ್ರ ತಪ್ಪಲ್ಲ. ಆದರೆ ಎರಡು ದೂರದ ನಗರಗಳ ವಿಷಯದಲ್ಲಿ ದೂರವೂ ಒಂದೇ ಆಗಿರುವುದಿಲ್ಲ, ವೇಗವೂ ಒಂದೇ ಆಗಿರುವುದಿಲ್ಲ.

ಮೊದಲು ದೂರವನ್ನು ನೋಡೋಣ. ಬೆಂಗಳೂರಿನ ವಿಮಾನ ನಿಲ್ದಾಣವು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶ, 78 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೊ ನಗರವು ಸುಮಾರು 38 ಡಿಗ್ರಿ ಉತ್ತರ ಅಕ್ಷಾಂಶ, 122 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ. ಪೂರ್ವದ ಕಡೆಯಿಂದ ಎಣಿಸಿದರೆ ಇವೆರಡರ ನಡುವೆ ಸುಮಾರು 160 ಡಿಗ್ರಿಗಳ ವ್ಯತ್ಯಾಸವಿದೆ. ಎಂದರೆ ಭೂಮಿಯ ಒಂದು ಮಗ್ಗುಲಲ್ಲಿ ಬೆಂಗಳೂರು, ಹೆಚ್ಚುಕಡಿಮೆ ಇನ್ನೊಂದು ಮಗ್ಗುಲಲ್ಲಿ ಸ್ಯಾನ್ ಫ್ರಾನ್ಸಿಸ್ಕೊ.

ತರಗತಿಯ ಗೋಡೆಯ ಮೇಲೆ ತೂಗುಹಾಕಿರುವ ಭೂಪಟದಲ್ಲಿ ಈ ಎರಡು ಸ್ಥಳಗಳನ್ನು ಅಳತೆಪಟ್ಟಿಯಿಂದ ಕೂಡಿಸಿದರೆ, ಗೆರೆಯು ಬಂಗಾಳ ಕೊಲ್ಲಿ, ಪೆಸಿಫಿಕ್ ಸಾಗರಗಳ ಮೇಲೆ ಹಾದು ಪೂರ್ವಕ್ಕೆ ಸಾಗುತ್ತದೆ. ನೋಡುವವರಿಗೆ ಇದಕ್ಕಿಂತ ನೇರವಾದ ದಾರಿ ಇಲ್ಲವೆನಿಸುತ್ತದೆ. ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ಈ ಗೆರೆಯ ಮೇಲೆಯೇ ಹೋದರೆ ಕ್ರಮಿಸಬೇಕಾದ ದೂರ ಸುಮಾರು 16,100 ಕಿಲೋಮೀಟರು. ಈಗ ಗೋಡೆಯ ಭೂಪಟವನ್ನು ಬಿಟ್ಟು ಮೇಜಿನ ಮೇಲಿನ ಗೋಳವನ್ನು ತೆಗೆದುಕೊಂಡು, ಅದೇ ಎರಡು ಸ್ಥಳಗಳ ನಡುವೆ ಒಂದು ನೂಲನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ನೂಲು ಪೂರ್ವಕ್ಕೆ ಹೋಗುವುದೇ ಇಲ್ಲ. ಜಾರಿ ಜಾರಿ ಉತ್ತರಕ್ಕೆ ಸರಿಯುತ್ತದೆ. ಅದು ಬೆಂಗಳೂರಿನಿಂದ ಹೊರಟು ನೇಪಾಳ, ಟಿಬೆಟ್, ಮಂಗೋಲಿಯ, ಸೈಬೀರಿಯಗಳನ್ನು ಹಾದು, ಉತ್ತರ ಹಿಮಸಾಗರದ ಅಂಚನ್ನು ಮುಟ್ಟಿ, ಅಲಾಸ್ಕದ ಮೇಲಿಂದ ಇಳಿದು ಸ್ಯಾನ್ ಫ್ರಾನ್ಸಿಸ್ಕೊವನ್ನು ಸೇರುತ್ತದೆ. ಇದರ ಉದ್ದ ಸುಮಾರು 13,990 ಕಿಲೋಮೀಟರು. ಗೋಳವನ್ನು ಸರಿಯಾಗಿ ಎರಡು ಸಮಭಾಗಗಳಾಗಿ ಸೀಳಬಲ್ಲ ವೃತ್ತಕ್ಕೆ ಮಹಾವೃತ್ತವೆಂದು ಹೆಸರು. ಗೋಳದ ಮೇಲಿನ ಯಾವ ಎರಡು ಬಿಂದುಗಳ ನಡುವೆಯಾದರೂ ಅತಿ ಹತ್ತಿರದ ದಾರಿಯು ಮಹಾವೃತ್ತದ ಒಂದು ತುಂಡೇ ಆಗಿರುತ್ತದೆ.

ಹಾಗೆಂದು ಗೋಡೆಯ ಭೂಪಟವನ್ನು ರಚಿಸಿದವರನ್ನು ದೂರುವಂತಿಲ್ಲ. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ಎಂಬಾತನು ಆ ಬಗೆಯ ಭೂಪಟವನ್ನು ನಾವಿಕರಿಗಾಗಿ ರಚಿಸಿದನು. ಒಂದೇ ದಿಕ್ಕು ಹಿಡಿದು ಸಾಗುವ ಹಡಗಿನ ದಾರಿ ಅದರಲ್ಲಿ ಸರಳರೇಖೆಯಾಗಿ ಕಾಣುತ್ತದೆ. ಅವನಿಗೆ ಬೇಕಾಗಿದ್ದುದು ಅಷ್ಟೇ. ಆ ಅನುಕೂಲಕ್ಕಾಗಿ ಧ್ರುವಗಳತ್ತ ಹೋದಂತೆಲ್ಲ ಭೂಭಾಗಗಳನ್ನು ಹಿಗ್ಗಿಸಬೇಕಾಯಿತು. ಆ ಭೂಪಟದಲ್ಲಿ ಗ್ರೀನ್‌ಲೆಂಡ್ ದ್ವೀಪವು ಆಫ್ರಿಕ ಖಂಡದಷ್ಟೇ ದೊಡ್ಡದಾಗಿ ತೋರುತ್ತದೆ. ವಾಸ್ತವವಾಗಿ ಆಫ್ರಿಕವು ಗ್ರೀನ್‌ಲೆಂಡಿನ ಹದಿನಾಲ್ಕರಷ್ಟಿದೆ. ಗೋಳವನ್ನು ಹಾಳೆಯ ಮೇಲೆ ಹರಡಹೊರಟವರು ಯಾವುದಾದರೊಂದು ಸುಳ್ಳನ್ನು ಹೇಳಲೇಬೇಕು. ಯಾವ ಸುಳ್ಳು ತಮಗೆ ಉಪಯುಕ್ತವೆಂಬುದನ್ನಷ್ಟೇ ಅವರು ಆರಿಸಿಕೊಳ್ಳಬಹುದು.

ನೂಲು ತೋರಿಸಿದ ದಾರಿಯೇ ಅತಿ ಹತ್ತಿರದ್ದಾದರೆ ವಿಮಾನಗಳು ಅದರ ಮೇಲೆಯೇ ಏಕೆ ಹಾರಬಾರದು? ಮೊದಲ ಅಡ್ಡಿಯು ಹಿಮಾಲಯ ಮತ್ತು ಅದರಾಚೆಗಿನ ಟಿಬೆಟ್ ಪ್ರಸ್ಥಭೂಮಿ. ವಿಮಾನಗಳು ಹತ್ತು ಹನ್ನೊಂದು ಕಿಲೋಮೀಟರು ಎತ್ತರದಲ್ಲಿ ಹಾರುತ್ತವೆ. ಎವರೆಸ್ಟ್ ಶಿಖರವು ಒಂಬತ್ತು ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಆದ್ದರಿಂದ ಪರ್ವತಗಳಿಗೆ ವಿಮಾನವು ತಗಲುವ ಭಯವಿಲ್ಲ. ಭಯವಿರುವುದು ಬೇರೆ ಕಡೆ. ಅಷ್ಟು ಎತ್ತರದ ವಿರಳವಾದ ಗಾಳಿಯಲ್ಲಿ ಮನುಷ್ಯನು ಉಸಿರಾಡಿ ಬದುಕಲಾರನು. ಆದ್ದರಿಂದ ವಿಮಾನದ ಒಳಗೆ ಗಾಳಿಯ ಒತ್ತಡವನ್ನು ಹೆಚ್ಚಿಸಿಟ್ಟಿರುತ್ತಾರೆ. ಯಾವುದೋ ದೋಷದಿಂದ ಆ ಒತ್ತಡ ಕುಸಿದರೆ, ಪ್ರಯಾಣಿಕರ ತಲೆಯ ಮೇಲಿನಿಂದ ಆಮ್ಲಜನಕದ ಮುಖವಾಡಗಳು ಇಳಿಯುತ್ತವೆ. ಅವುಗಳಲ್ಲಿರುವ ಆಮ್ಲಜನಕವು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷಗಳಿಗೆ ಸಾಲುವಷ್ಟು. ಅಷ್ಟರೊಳಗೆ ಚಾಲಕರು ವಿಮಾನವನ್ನು ಸುಮಾರು ಮೂರು ಕಿಲೋಮೀಟರು ಎತ್ತರಕ್ಕೆ ಇಳಿಸಬೇಕು. ಸಮುದ್ರದ ಮೇಲೋ ಬಯಲಿನ ಮೇಲೋ ಇದು ಸಾಧ್ಯ. ಟಿಬೆಟಿನ ನೆಲವೇ ನಾಲ್ಕೂವರೆ ಕಿಲೋಮೀಟರು ಎತ್ತರದಲ್ಲಿರುವಾಗ ಮೂರು ಕಿಲೋಮೀಟರಿಗೆ ಇಳಿಯುವುದೆಲ್ಲಿ? ಈ ಕಾರಣದಿಂದ ವಿಮಾನಗಳು ಸಾಧ್ಯವಾದಷ್ಟೂ ಆ ಪ್ರದೇಶವನ್ನು ಬಳಸಿಕೊಂಡು ಹೋಗುತ್ತವೆ.

ಎರಡನೆಯ ಕಾರಣ ಗಾಳಿ. ದೂರದ ಪಯಣಗಳ ಕಾಲವನ್ನು ನಿರ್ಣಯಿಸುವುದರಲ್ಲಿ ಇದರಷ್ಟು ಬಲವಾದುದು ಮತ್ತೊಂದಿಲ್ಲ.

ತುಂಬಿ ಹರಿಯುವ ತುಂಗಭದ್ರೆಯಲ್ಲಿ ಹರಿಗೋಲು ಸಾಗುವುದನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಂಬಿಗನು ಹುಟ್ಟು ಹಾಕುವ ಬಲ ಒಂದೇ ಆದರೂ ಹೊಳೆಯ ಹರಿವಿನ ಜೊತೆಗೆ ಹೋಗುವಾಗ ದಡದ ಮರಗಳು ಬೇಗ ಬೇಗ ಹಿಂದೆ ಸರಿಯುತ್ತವೆ. ಹರಿವಿಗೆ ಎದುರಾಗಿ ಹೋಗುವಾಗ ಒಂದೇ ಮರ ಬಹಳ ಹೊತ್ತು ಎದುರಿಗೇ ನಿಂತಿರುತ್ತದೆ. ವಿಮಾನವೂ ಗಾಳಿಯ ಹೊಳೆಯಲ್ಲಿ ತೇಲುವ ಹರಿಗೋಲೇ. ದೊಡ್ಡ ಜೆಟ್ ವಿಮಾನಗಳು ಗಂಟೆಗೆ ಸುಮಾರು 900 ಕಿಲೋಮೀಟರು ವೇಗದಲ್ಲಿ ಹಾರುತ್ತವೆ ಎನ್ನುವಾಗ ಅದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗ, ನೆಲಕ್ಕೆ ಹೋಲಿಸಿದ್ದಲ್ಲ. ಗಾಳಿಯೇ ಇಲ್ಲದಿದ್ದರೆ 14,000 ಕಿಲೋಮೀಟರುಗಳಿಗೆ ಹದಿನೈದೂವರೆ ಗಂಟೆ ಸಾಕು. ಗಂಟೆಗೆ 100 ಕಿಲೋಮೀಟರಿನ ಗಾಳಿ ಹಿಂದಿನಿಂದ ಬೀಸುತ್ತಿದ್ದರೆ 14 ಗಂಟೆ. ಅದೇ ಗಾಳಿ ಎದುರಾದರೆ ಹದಿನೇಳೂವರೆ ಗಂಟೆ. ಹೋಗುವಾಗ ಕಳೆದುಕೊಂಡದ್ದನ್ನು ಬರುವಾಗ ಪಡೆಯಬಹುದೆಂದು ಸಮಾಧಾನ ಪಡುವಂತೆಯೂ ಇಲ್ಲ. ಗಾಳಿಯಿಲ್ಲದಾಗ ಹೋಗಿ ಬರಲು ಒಟ್ಟು 31 ಗಂಟೆ 7 ನಿಮಿಷ ಸಾಕು. ಗಾಳಿ ಇದ್ದಾಗ 31 ಗಂಟೆ 30 ನಿಮಿಷ ಬೇಕು. ಎದುರುಗಾಳಿಯಲ್ಲಿ ವಿಮಾನವು ಹೆಚ್ಚು ಹೊತ್ತು ಇರುವುದರಿಂದ ಅದರ ಪೆಟ್ಟೂ ಹೆಚ್ಚು. ಗಾಳಿಯ ವೇಗವನ್ನು 200 ಎಂದಿಟ್ಟುಕೊಂಡು ಈ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು.

ಭೂಮಿಯಿಂದ ಒಂಬತ್ತು ಹತ್ತು ಕಿಲೋಮೀಟರು ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಇಂತಹ ಪ್ರಬಲವಾದ ಹೊಳೆಗಳು ಹರಿಯುತ್ತಿವೆ. ಇವಕ್ಕೆ ಜೆಟ್ ವಾಯುಪ್ರವಾಹಗಳೆಂದು ಹೆಸರು. ಇವುಗಳನ್ನು ಮೊದಲು ಅಳೆದವರಲ್ಲಿ ಜಪಾನಿನ ವಾಸಾಬುರೊ ಓಇಶಿ ಎಂಬ ವಿಜ್ಞಾನಿ ಮುಖ್ಯರು. ತಾತೆನೊ ಎಂಬಲ್ಲಿದ್ದ ವೀಕ್ಷಣಾಲಯದಿಂದ ಅವರು ಬಲೂನುಗಳನ್ನು ಹಾರಿಬಿಟ್ಟು, ಅವು ತೇಲಿಹೋಗುವ ರೀತಿಯನ್ನು ದೂರದರ್ಶಕದಿಂದ ಗಮನಿಸಿ ಗಾಳಿಯ ವೇಗವನ್ನು ಗುಣಿಸುತ್ತಿದ್ದರು. 1924ರ ಡಿಸೆಂಬರಿನಲ್ಲಿ ಸೆಕೆಂಡಿಗೆ 70 ಮೀಟರನ್ನು, ಎಂದರೆ ಗಂಟೆಗೆ 250 ಕಿಲೋಮೀಟರನ್ನು ಮೀರಿದ ಗಾಳಿಯನ್ನು ಅವರು ಕಂಡರು. ಈ ಸಂಗತಿ ಇಡೀ ಜಗತ್ತಿಗೆ ತಿಳಿಯಲೆಂದು ಅವರು 1926ರಲ್ಲಿ ತಮ್ಮ ವರದಿಯನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಎಲ್ಲ ದೇಶಗಳಿಗೂ ಸಮಾನವಾಗಿರಲೆಂದು ರಚಿಸಿದ ಕೃತಕ ಭಾಷೆ ಅದು. ಎಲ್ಲರಿಗೂ ತಿಳಿಯಲೆಂದು ಆರಿಸಿಕೊಂಡ ಭಾಷೆಯನ್ನು ಓದಬಲ್ಲವರೇ ವಿರಳವಾದುದರಿಂದ ಆ ವರದಿ ಮೂಲೆಗೆ ಬಿತ್ತು.

ಹದಿನೆಂಟು ವರ್ಷಗಳ ಬಳಿಕ ಅದರ ಬೆಲೆ ಇತರರಿಗೆ ತಿಳಿಯಿತು. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1944ರ ನವೆಂಬರಿನಲ್ಲಿ, ಟೋಕಿಯೊ ನಗರದ ಮೇಲೆ ದಾಳಿಗೆ ಬಂದ ಅಮೆರಿಕದ ಬಿ-29 ವಿಮಾನಗಳು ಈ ಪ್ರವಾಹಕ್ಕೆ ಸಿಕ್ಕಿದವು. ಬೆನ್ನಹಿಂದಿನ ಗಾಳಿಯ ರಭಸಕ್ಕೆ ಅವುಗಳ ವೇಗ ಎಷ್ಟು ಏರಿತೆಂದರೆ ಗುರಿಯಿಟ್ಟು ಹಾಕಿದ ಬಾಂಬುಗಳಲ್ಲಿ ಹೆಚ್ಚಿನವು ಗುರಿ ತಪ್ಪಿದವು. ಜಪಾನೀಯರಾದರೋ ಅದೇ ಗಾಳಿಯ ಬಲದ ಮೇಲೆ ಕಾಗದದ ದೊಡ್ಡ ಬಲೂನುಗಳಿಗೆ ಬಾಂಬುಗಳನ್ನು ಕಟ್ಟಿ ತೇಲಿಬಿಟ್ಟರು. ಯಂತ್ರವೂ ಇಲ್ಲ, ಚಾಲಕನೂ ಇಲ್ಲ. ಮೂರು ನಾಲ್ಕು ದಿನಗಳಲ್ಲಿ ಆ ಬಲೂನುಗಳು ಪೆಸಿಫಿಕ್ ಸಾಗರವನ್ನು ದಾಟಿ ಅಮೆರಿಕವನ್ನು ಮುಟ್ಟುತ್ತಿದ್ದವು. 1945ರ ಮೇ 5ರಂದು ಓರೆಗನ್ ಪ್ರಾಂತದ ಕಾಡಿನಲ್ಲಿ ವಿಹಾರಕ್ಕೆ ಹೋಗಿದ್ದ ಐವರು ಮಕ್ಕಳೂ ಒಬ್ಬ ಮಹಿಳೆಯೂ ಅಂತಹ ಒಂದು ಬಾಂಬಿಗೆ ಬಲಿಯಾದರು.

ಇಂದು ಅದೇ ಗಾಳಿಯು ಪ್ರಯಾಣಿಕರ ಸಮಯವನ್ನು ಉಳಿಸುತ್ತಿದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ವಿಮಾನಕ್ಕೆ ಪೂರ್ವದ ದಾರಿ ಲಾಭದಾಯಕ. ಪೆಸಿಫಿಕ್ ಸಾಗರದ ಮೇಲೆ ಜೆಟ್ ಪ್ರವಾಹವು ಅದನ್ನು ಬೆನ್ನಹಿಂದಿನಿಂದ ತಳ್ಳುತ್ತದೆ. ಮರಳಿ ಬರುವ ವಿಮಾನವು ಅದೇ ದಾರಿಯನ್ನು ಹಿಡಿದರೆ ಹೊಳೆಗೆ ಎದುರಾಗಿ ಈಜಿದಂತೆ. ಆಗ ಚಾಲಕರು ಜೆಟ್ ಪ್ರವಾಹದಿಂದ ತಪ್ಪಿಸಿಕೊಂಡು ಉತ್ತರಕ್ಕೆ ಸರಿದು, ಗಾಳಿಯ ಕಾಟ ಕಡಿಮೆಯಿರುವ ಧ್ರುವಪ್ರದೇಶದ ಮೇಲೆ ಹಾದು, ರಷ್ಯಾದ ಮೇಲಿನಿಂದ ದಕ್ಷಿಣಕ್ಕೆ ಇಳಿಯುತ್ತಾರೆ. ಹೀಗೆ ಹೋಗುವ ದಾರಿಯೇ ಬೇರೆ, ಬರುವ ದಾರಿಯೇ ಬೇರೆ. ಅಳತೆಯಲ್ಲಿ ಉದ್ದವಾದ ದಾರಿಯು ಕಾಲದಲ್ಲಿ ಗಿಡ್ಡವಾಗಿರುವುದುಂಟು. ಗಾಳಿ ದಿನದಿನಕ್ಕೂ ಬದಲಾಗುವುದರಿಂದ ಪ್ರತಿಯೊಂದು ಪಯಣಕ್ಕೂ ಮುನ್ನ ಹವಾಮಾನದ ವರದಿಗಳನ್ನು ನೋಡಿ ಅಂದಿನ ದಾರಿಯನ್ನು ಹೊಸದಾಗಿ ಗೊತ್ತುಪಡಿಸುತ್ತಾರೆ. 2005ರ ನವೆಂಬರಿನಲ್ಲಿ ಬೋಯಿಂಗ್ 777-200 ಎಲ್‌ಆರ್ ಮಾದರಿಯ ವಿಮಾನವೊಂದು ಹಾಂಗ್‌ಕಾಂಗಿನಿಂದ ಲಂಡನ್ನಿಗೆ ಹಾರಿ ದೂರದ ದಾಖಲೆಯನ್ನು ಸ್ಥಾಪಿಸಿತು. ಲಂಡನ್ ಹಾಂಗ್‌ಕಾಂಗಿಗೆ ಪಶ್ಚಿಮದಲ್ಲಿದೆ. ಆ ವಿಮಾನ ಹಾರಿದ್ದು ಪೂರ್ವಕ್ಕೆ! ಪೆಸಿಫಿಕ್ ಸಾಗರ, ಅಮೆರಿಕ, ಅಟ್ಲಾಂಟಿಕ್ ಸಾಗರಗಳನ್ನು ಒಂದೇ ಹಾರಿಕೆಯಲ್ಲಿ ದಾಟಿ, 21,600 ಕಿಲೋಮೀಟರುಗಳನ್ನು 22 ಗಂಟೆ 42 ನಿಮಿಷಗಳಲ್ಲಿ ಕ್ರಮಿಸಿತು.

2021ರ ಜನವರಿಯಲ್ಲಿ ಬೆಂಗಳೂರಿಗೆ ಬಂದಿಳಿದ ವಿಮಾನವೂ ಇದೇ ಮಾದರಿಯದು. ನೆಲದಿಂದ ಏಳುವಾಗ ಅದರ ಒಟ್ಟು ತೂಕ 347 ಟನ್ನುಗಳವರೆಗೆ ಇರಬಹುದು. ತೊಟ್ಟಿಗಳು ತುಂಬಿದ್ದರೆ ಅದರಲ್ಲಿ ಇಂಧನದ ಪಾಲೇ ಸುಮಾರು 145 ಟನ್ನು. ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರನ್ನು ಅವರ ಸಾಮಾನುಗಳೊಡನೆ ತೂಗಿದರೂ ಇಪ್ಪತ್ತೈದು ಟನ್ನನ್ನು ಮೀರುವುದು ಕಷ್ಟ. ಎಂದರೆ ಆ ವಿಮಾನವು ಮುಖ್ಯವಾಗಿ ಹೊತ್ತೊಯ್ಯುವುದು ತನ್ನ ಇಂಧನವನ್ನೇ. ದೂರದ ಜಾತ್ರೆಗೆ ಹೊರಟ ಎತ್ತಿನ ಗಾಡಿಯಲ್ಲಿ ಎತ್ತುಗಳ ಮೇವನ್ನೂ ಹೇರಬೇಕು. ಆ ಮೇವಿನ ಭಾರವನ್ನು ಎಳೆಯಲು ಎತ್ತುಗಳು ಮತ್ತಷ್ಟು ಮೇಯಬೇಕು. ದಾರಿ ಉದ್ದವಾದಷ್ಟೂ ಈ ತೊಡಕು ಬೆಳೆಯುತ್ತದೆ. ಆದ್ದರಿಂದ ನಡುವೆ ಒಂದೆಡೆ ಇಳಿದು ಇಂಧನ ತುಂಬಿಕೊಂಡು ಹೋಗುವ ವಿಮಾನವು, ಒಂದೇ ಹಾರಿಕೆಯಲ್ಲಿ ಹೋಗುವ ವಿಮಾನಕ್ಕಿಂತ ಕಡಿಮೆ ಇಂಧನವನ್ನು ಉರಿಸುವುದೂ ಉಂಟು. ನೇರವಾಗಿ ಹಾರುವುದರಿಂದ ಉಳಿಯುವುದು ಮುಖ್ಯವಾಗಿ ಪ್ರಯಾಣಿಕರ ಸಮಯ ಮತ್ತು ಶ್ರಮ.

ಧ್ರುವದ ದಾರಿಯು ಗಾಳಿಯಿಂದ ಪಾರುಮಾಡಿದರೂ ಬೇರೆ ಕಷ್ಟಗಳನ್ನು ತಂದೊಡ್ಡುತ್ತದೆ. ಅಲ್ಲಿ ಸಾಮಾನ್ಯ ದಿಕ್ಸೂಚಿಯ ಮುಳ್ಳನ್ನು ನಂಬುವಂತಿಲ್ಲ. ಅದು ತೋರಿಸುವುದು ಭೂಮಿಯ ಕಾಂತಧ್ರುವವನ್ನು, ಭೌಗೋಲಿಕ ಧ್ರುವವನ್ನಲ್ಲ. ಧ್ರುವದ ನೆತ್ತಿಯ ಮೇಲೆ ನಿಂತವನಿಗೆ ಎತ್ತ ತಿರುಗಿದರೂ ದಕ್ಷಿಣವೇ. ವಿಷುವದ್ವೃತ್ತದ ಮೇಲೆ ನಿಂತಂತೆ ತೋರುವ ಸಂಪರ್ಕ ಉಪಗ್ರಹಗಳು ಅಲ್ಲಿಂದ ದಿಗಂತದ ಕೆಳಗೆ ಮರೆಯಾಗುತ್ತವೆ. ಸೂರ್ಯನಲ್ಲಿ ಕೋಲಾಹಲವೆದ್ದಾಗ ರೇಡಿಯೊ ಸಂಪರ್ಕವೂ ಕಡಿದುಹೋಗಬಹುದು. ಹೊರಗಿನ ಚಳಿ ಸೊನ್ನೆಗಿಂತ ಅರವತ್ತು ಡಿಗ್ರಿಗಳಷ್ಟು ಕೆಳಗಿರಬಹುದು. ವಿಮಾನದ ಇಂಧನವು, ಅದರ ಬಗೆಯನ್ನನುಸರಿಸಿ, ಸೊನ್ನೆಗಿಂತ 40 ಅಥವಾ 47 ಡಿಗ್ರಿ ಕೆಳಗೆ ಹೆಪ್ಪುಗಟ್ಟಲಾರಂಭಿಸುತ್ತದೆ. ಆದುದರಿಂದ ಚಾಲಕರು ತೊಟ್ಟಿಯೊಳಗಿನ ಇಂಧನದ ಶಾಖವನ್ನು ಸತತವಾಗಿ ಗಮನಿಸುತ್ತಿರುತ್ತಾರೆ. ಅದು ತೀರ ಇಳಿದರೆ ವಿಮಾನವನ್ನು ಬೆಚ್ಚಗಿನ ಎತ್ತರಕ್ಕೆ ಇಳಿಸುತ್ತಾರೆ, ಇಲ್ಲವೆ ವೇಗವನ್ನು ಹೆಚ್ಚಿಸಿ ಗಾಳಿಯ ತಿಕ್ಕಾಟದಿಂದ ರೆಕ್ಕೆಗಳನ್ನು ತುಸು ಬೆಚ್ಚಗಾಗಿಸುತ್ತಾರೆ. ಹಿಮದ ನಡುವೆ ಇಳಿಯಬೇಕಾಗಿ ಬಂದರೆ ಹೊರಗೆ ಹೋಗಿ ಕೆಲಸ ಮಾಡಬೇಕಾದ ಸಿಬ್ಬಂದಿಗಾಗಿ ಚಳಿಯನ್ನು ತಡೆಯುವ ವಿಶೇಷ ಉಡುಪುಗಳನ್ನೂ ವಿಮಾನದಲ್ಲಿ ಇಟ್ಟಿರುತ್ತಾರೆ.

ಇಳಿಯಬೇಕಾಗಿ ಬರುವುದು ಬರಿಯ ಕಲ್ಪನೆಯಲ್ಲ. ಎರಡು ಎಂಜಿನುಗಳ ವಿಮಾನದಲ್ಲಿ ಒಂದು ಕೆಟ್ಟರೆ, ಉಳಿದ ಒಂದರ ಬಲದಿಂದ ಗೊತ್ತಾದ ಅವಧಿಯೊಳಗೆ ಯಾವುದಾದರೊಂದು ನಿಲ್ದಾಣವನ್ನು ಸೇರುವಂತಿರಬೇಕೆಂಬ ನಿಯಮವಿದೆ. ಭೂಪಟದ ಮೇಲೆ ಎಳೆಯುವ ದಾರಿಯು ಈ ಬದಲಿ ನಿಲ್ದಾಣಗಳಿಗೆ ಕಟ್ಟುಬಿದ್ದಿರುತ್ತದೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನದ ಒಂದು ಎಂಜಿನಿನಲ್ಲಿ ದೋಷ ಕಂಡಿತು. ಚಾಲಕರು ರಷ್ಯಾದ ಪೂರ್ವದ ಅಂಚಿನಲ್ಲಿರುವ ಮಗದಾನ್ ಎಂಬ ಊರಿನಲ್ಲಿ ವಿಮಾನವನ್ನು ಸುರಕ್ಷಿತವಾಗಿ ಇಳಿಸಿದರು. ಅದರಲ್ಲಿದ್ದವರು 216 ಪ್ರಯಾಣಿಕರು, 16 ಸಿಬ್ಬಂದಿ. ಅಷ್ಟು ಜನರಿಗೆ ಸಾಕಾಗುವ ವಸತಿ ಆ ಪುಟ್ಟ ಊರಿನಲ್ಲಿ ಇರಲಿಲ್ಲ. ಕೆಲವರು ಶಾಲೆಯ ಕೊಠಡಿಗಳಲ್ಲಿ ನೆಲದ ಮೇಲೆ ಹಾಸಿಗೆ ಹಾಸಿಕೊಂಡು ಮಲಗಬೇಕಾಯಿತು. ಜೂನ್ 8ರಂದು ಮತ್ತೊಂದು ವಿಮಾನವು ಅವರನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಮುಟ್ಟಿಸಿತು. ಗೋಳದ ಮೇಲಿನ ನೂಲು ಹಾದುಹೋಗುವ ಆ ನಿರ್ಜನ ಪ್ರದೇಶದಲ್ಲಿ ಮಗದಾನದಂತಹ ನಿಲ್ದಾಣಗಳಿರುವುದರಿಂದಲೇ ಅಲ್ಲಿ ವಿಮಾನಗಳು ಹಾರಲು ಸಾಧ್ಯವಾಗಿದೆ.

ಇನ್ನು ಉಳಿದಿರುವುದು ಭೂಪಟದ ಮೇಲೆ ಕಾಣುವ, ಆದರೆ ಆಕಾಶದಲ್ಲಿ ಕಾಣದ ಗೆರೆಗಳ ಮಾತು. 1944ರ ಡಿಸೆಂಬರಿನಲ್ಲಿ ಹಲವು ರಾಷ್ಟ್ರಗಳು ಷಿಕಾಗೊ ನಗರದಲ್ಲಿ ಸೇರಿ ವಿಮಾನಯಾನವನ್ನು ಕುರಿತು ಒಪ್ಪಂದವೊಂದನ್ನು ಮಾಡಿಕೊಂಡವು. ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದಲ್ಲಿ ಪೂರ್ಣ ಅಧಿಕಾರವಿದೆ ಎಂಬುದು ಅದರ ಮೊದಲನೆಯ ವಿಧಿ. ಆದ್ದರಿಂದ ಹಾದುಹೋಗುವ ದೇಶಗಳೆಲ್ಲದರ ಒಪ್ಪಿಗೆ ಬೇಕು; ಅನೇಕ ಕಡೆ ಶುಲ್ಕವನ್ನೂ ತೆರಬೇಕು.

ಈ ಗೆರೆಯನ್ನು ಅರಿಯದೆ ದಾಟಿದುದರ ಫಲ ಎಷ್ಟು ಘೋರವಾಗಬಲ್ಲದೆಂಬುದನ್ನು 1983ರ ಸೆಪ್ಟೆಂಬರ್ 1ರ ದುರಂತ ತೋರಿಸಿತು. ನ್ಯೂಯಾರ್ಕಿನಿಂದ ಹೊರಟು ಅಲಾಸ್ಕದಲ್ಲಿ ಇಂಧನ ತುಂಬಿಕೊಂಡು ದಕ್ಷಿಣ ಕೊರಿಯದ ರಾಜಧಾನಿ ಸೋಲ್‌ಗೆ ಹೋಗುತ್ತಿದ್ದ ಪ್ರಯಾಣಿಕರ ವಿಮಾನವು, ಗೊತ್ತಾದ ಮಾರ್ಗವನ್ನು ಅನುಸರಿಸುವ ಉಪಕರಣದ ಹಿಡಿತಕ್ಕೆ ಒಳಪಡದೆ ದಿಕ್ಸೂಚಿಯ ಒಂದೇ ದಿಕ್ಕನ್ನು ಹಿಡಿದು ಸಾಗಿತು. ಆರಂಭದಲ್ಲಿ ಅಲ್ಪವಾಗಿದ್ದ ವ್ಯತ್ಯಾಸವು ಗಂಟೆಗಳು ಕಳೆದಂತೆ ನೂರಾರು ಕಿಲೋಮೀಟರುಗಳಿಗೆ ಬೆಳೆಯಿತು. ಚಾಲಕರಿಗೆ ಅದು ತಿಳಿಯಲಿಲ್ಲ. ಸೋವಿಯತ್ ದೇಶದ ಆಕಾಶವನ್ನು ಪ್ರವೇಶಿಸಿದ ಆ ವಿಮಾನವನ್ನು ಅಲ್ಲಿನ ಯುದ್ಧವಿಮಾನವು ಸಖಾಲಿನ್ ದ್ವೀಪದ ಬಳಿ ಹೊಡೆದುರುಳಿಸಿತು. ಅದರಲ್ಲಿದ್ದ 269 ಮಂದಿಯೂ ಮಡಿದರು. ಉಪಗ್ರಹಗಳ ಮೂಲಕ ಸ್ಥಾನವನ್ನು ಗುರುತಿಸುವ ತನ್ನ ಸೈನ್ಯದ ವ್ಯವಸ್ಥೆಯು ಸಿದ್ಧವಾದ ಬಳಿಕ ನಾಗರಿಕರ ವಿಮಾನಗಳಿಗೂ ಅದು ದೊರೆಯುವುದೆಂದು ಅಮೆರಿಕವು ಅದೇ ತಿಂಗಳಲ್ಲಿ ಘೋಷಿಸಿತು. ಇಂದು ಪ್ರತಿಯೊಬ್ಬರ ಕೈಯ ಫೋನಿನಲ್ಲಿ ದಾರಿ ತೋರಿಸುವ ಜಿಪಿಎಸ್ ಅದೇ ವ್ಯವಸ್ಥೆ.

ಫಿನ್ಲೆಂಡಿನ ಹೆಲ್ಸಿಂಕಿ ಮತ್ತು ಜಪಾನಿನ ಟೋಕಿಯೊ ನಗರಗಳ ಉದಾಹರಣೆ ಇನ್ನೂ ಸ್ವಾರಸ್ಯಕರವಾಗಿದೆ. ಇವೆರಡರ ನಡುವಣ ನೇರವಾದ ಅಂತರ ಸುಮಾರು 7,800 ಕಿಲೋಮೀಟರು. ಅದರ ಬಹುಭಾಗ ರಷ್ಯಾದ ಮೇಲೆ. 1983ರಲ್ಲಿ ಫಿನ್ಲೆಂಡಿನ ವಿಮಾನ ಸಂಸ್ಥೆಯು ಈ ನಗರಗಳ ನಡುವೆ ತಡೆಯಿಲ್ಲದ ಸಂಚಾರವನ್ನು ಆರಂಭಿಸಿದಾಗ ಸೋವಿಯತ್ ಆಕಾಶ ಅದಕ್ಕೆ ತೆರೆದಿರಲಿಲ್ಲ. ವಿಮಾನಗಳು ಉತ್ತರಧ್ರುವದ ಕಡೆಗೆ ಸುತ್ತಿಕೊಂಡು ಹೋಗಲು ಸುಮಾರು 13 ಗಂಟೆ ಹಿಡಿಯುತ್ತಿತ್ತು. ಮುಂದೆ ಸೈಬೀರಿಯದ ದಾರಿ ತೆರೆದಾಗ ಅದು ಒಂಬತ್ತು ಹತ್ತು ಗಂಟೆಗಳಿಗೆ ಇಳಿಯಿತು. 2022ರ ಫೆಬ್ರವರಿಯಲ್ಲಿ ರಷ್ಯಾ ಯುಕ್ರೇನಿನ ಮೇಲೆ ದಾಳಿ ನಡೆಸಿತು. ಯೂರೋಪಿನ ದೇಶಗಳು ರಷ್ಯಾದ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದವು. ಪ್ರತಿಯಾಗಿ ರಷ್ಯಾವೂ ಮುಚ್ಚಿತು. ಹೆಲ್ಸಿಂಕಿಯ ವಿಮಾನ ಮತ್ತೆ ಧ್ರುವದ ದಾರಿಯನ್ನು ಹಿಡಿಯಿತು. ಪಯಣದ ಕಾಲ ಮತ್ತೆ 13 ಗಂಟೆ ಆಯಿತು. ನಲವತ್ತು ವರ್ಷಗಳಲ್ಲಿ ವಿಮಾನಗಳು ಎಷ್ಟೋ ಸುಧಾರಿಸಿದ್ದವು, ನಗರಗಳು ಇದ್ದಲ್ಲಿಯೇ ಇದ್ದವು. ಕಾಲ ಮಾತ್ರ ಹಿಂದಿನ ಜಾಗಕ್ಕೆ ಬಂದು ನಿಂತಿತು. ಭಾರತಕ್ಕೂ ಇಂತಹ ಅನುಭವವಾಗಿದೆ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನವು ಭಾರತದ ವಿಮಾನಗಳಿಗೂ, ಭಾರತವು ಪಾಕಿಸ್ತಾನದ ವಿಮಾನಗಳಿಗೂ ಆಕಾಶವನ್ನು ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳು ಅರಬ್ಬೀ ಸಮುದ್ರದ ಕಡೆಯಿಂದ ಬಳಸಿ ಹೋಗಬೇಕಾಯಿತು.

ಹೀಗೆ ಗೊತ್ತಾದ ಕಾಲವನ್ನು ಗಡಿಯಾರದಲ್ಲಿ ಓದುವುದೂ ಸುಲಭವಲ್ಲ. ಭಾರತದ ಕಾಲವು ಗ್ರೀನಿಚ್ ಕಾಲಕ್ಕಿಂತ ಐದೂವರೆ ಗಂಟೆ ಮುಂದಿದೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕಾಲ ಎಂಟು ಗಂಟೆ ಹಿಂದಿದೆ. ಎರಡರ ನಡುವೆ ಹದಿಮೂರೂವರೆ ಗಂಟೆಗಳ ಅಂತರ. ಬೆಂಗಳೂರಿನಿಂದ ಮಧ್ಯಾಹ್ನ ಎರಡು ಗಂಟೆಗೆ ಹೊರಟ ವಿಮಾನವು ಹದಿನಾರು ಗಂಟೆ ಹಾರಿದರೆ, ಇಳಿಯುವಾಗ ಅಲ್ಲಿ ಅದೇ ದಿನದ ಸಂಜೆ ನಾಲ್ಕೂವರೆ. ಟಿಕೆಟನ್ನು ನೋಡಿದವರು ಪಯಣಕ್ಕೆ ಎರಡೂವರೆ ಗಂಟೆ ಸಾಕೆಂದು ತಿಳಿದರೆ ಆಶ್ಚರ್ಯವಿಲ್ಲ. ಬರುವಾಗ ಇದಕ್ಕೆ ವಿರುದ್ಧ. ಜನವರಿ 9ರ ರಾತ್ರಿ ಎಂಟೂವರೆಗೆ ಹೊರಟು ಹದಿನೇಳು ಗಂಟೆ ಹಾರಿದ ವಿಮಾನವು ಬೆಂಗಳೂರನ್ನು ತಲುಪುವಾಗ ಇಲ್ಲಿ ಜನವರಿ 11ರ ನಸುಕಿನ ಮೂರು ಗಂಟೆ. ಜನವರಿ 10ರಂದು ಆ ಪ್ರಯಾಣಿಕರು ಯಾವ ಊರಿನಲ್ಲಿಯೂ ಇರಲಿಲ್ಲ.

ಕೈಗಡಿಯಾರವನ್ನು ಒಂದು ಕ್ಷಣದಲ್ಲಿ ತಿರುಗಿಸಿ ಸರಿಪಡಿಸಬಹುದು. ಮನುಷ್ಯನ ದೇಹದೊಳಗೆ ಹಸಿವು ನಿದ್ರೆಗಳನ್ನು ನಡೆಸುವ ಮತ್ತೊಂದು ಗಡಿಯಾರವಿದೆ. ಅದರ ಗುಟ್ಟನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್, ಮೈಕೆಲ್ ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹಡಗಿನ ಕಾಲದಲ್ಲಿ ಪ್ರಯಾಣಿಕರು ದಿನಕ್ಕೆ ಅರ್ಧ ಗಂಟೆಯೋ ಅದಕ್ಕಿಂತ ಕಡಿಮೆಯೋ ಸರಿಯುತ್ತ ಹೋಗುತ್ತಿದ್ದುದರಿಂದ ದೇಹಕ್ಕೆ ಆ ಬದಲಾವಣೆ ತಿಳಿಯುತ್ತಲೇ ಇರಲಿಲ್ಲ. ವಿಮಾನವು ಹದಿಮೂರು ಗಂಟೆಗಳನ್ನು ಒಮ್ಮೆಗೇ ಹಾರಿಬಿಡುತ್ತದೆ. ಒಳಗಿನ ಗಡಿಯಾರವು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಸರಿಹೋಗುತ್ತದೆ. ಮಕ್ಕಳನ್ನೂ ಮೊಮ್ಮಕ್ಕಳನ್ನೂ ನೋಡಿಕೊಂಡು ಕ್ಯಾಲಿಫೋರ್ನಿಯದಿಂದ ಮರಳಿದ ವೃದ್ಧ ದಂಪತಿಗಳು ದೇವನಹಳ್ಳಿಯಲ್ಲಿ ಇಳಿದು ನಸುಕಿನಲ್ಲಿ ಮನೆ ಸೇರಿದಾಗ, ನೆರೆಹೊರೆಯವರೆಲ್ಲ ಗಾಢನಿದ್ರೆಯಲ್ಲಿರುತ್ತಾರೆ. ಅವರ ದೇಹವಾದರೋ ಮಧ್ಯಾಹ್ನದ ಊಟವನ್ನು ಕೇಳುತ್ತಿರುತ್ತದೆ. ಮುಂದಿನ ಹತ್ತು ಹನ್ನೆರಡು ದಿನಗಳವರೆಗೆ ನಡುರಾತ್ರಿಯಲ್ಲಿ ಅವರ ಅಡುಗೆಮನೆಯ ದೀಪ ಉರಿಯುತ್ತಿರುತ್ತದೆ.